ಹುಳು ಬಿದ್ದ ಡಬ್ಬವನ್ನೂ ಮೇಜಿನ ಮೇಲಿಡಿ

ಸಂಪಾದಕರಿಗೆ,

ಭಾನುವಾರ ಬಂತೆಂದರೆ ಬೆಂಗಳೂರಿನ ಯಾವುದಾದರೂ ಬಡಾವಣೆಯ ಪಾರ್ಕಿನಲ್ಲಿ ಶಾಮಿಯಾನ ಎದ್ದಿರುತ್ತದೆ. ಗೊಬ್ಬರ ಸಂತೆ, ಸಸಿ ವಿತರಣೆ, ಮಳೆ ನೀರಿನ ಮಾಹಿತಿ ಶಿಬಿರ, ಹೀಗೆ ಏನೋ ಒಂದು. ನಗರದ ಹವಾಮಾನ ಕ್ರಿಯಾ ಯೋಜನೆ 2023ರ ನವೆಂಬರ್‌ನಲ್ಲೇ ಬಂದಿದೆ. ಅದು ಕಡತದಿಂದ ಇಳಿದು ಅಡುಗೆಮನೆ ಸೇರಬೇಕಾದರೆ ಇಂಥ ಕಾರ್ಯಕ್ರಮಗಳು ಬೇಕು, ನಿಜ. ಆದರೆ ಎಲ್ಲವೂ ಒಂದೇ ದಿನಕ್ಕೆ ಮುಗಿದುಹೋಗುತ್ತವೆ. ಅಡುಗೆಮನೆಯ ಹಸಿ ಕಸದಿಂದ ಗೊಬ್ಬರ ಮಾಡುವುದನ್ನು ಕಲಿಸುವ ಕಾರ್ಯಕ್ರಮಕ್ಕೆ ಎರಡು ಭಾನುವಾರ ಬೇಕು, ನಡುವೆ ಎರಡು ವಾರ ಬಿಡಬೇಕು. ಕಾರಣ, ಹುಳು.

ಮೊದಲ ದಿನ ಜನರಿಗೆ ತೋರಿಸುವುದು ಮಾಗಿದ ಗೊಬ್ಬರ. ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಗೆ ನೆಲ ಬೀರುವ ವಾಸನೆ. ನೋಡಿದವರು ಖುಷಿಯಿಂದ ಗೊಬ್ಬರ ಮಾಡುವ ಡಬ್ಬ ಕೊಂಡು ಹೋಗಿ ಹಸಿ ಕಸ ತುಂಬತೊಡಗುತ್ತಾರೆ. ಒಂದು ವಾರ ಏನೂ ತೊಂದರೆಯಿಲ್ಲ. ಹತ್ತು ಹನ್ನೆರಡು ದಿನಕ್ಕೆ ಮುಚ್ಚಳ ತೆಗೆದರೆ ಹುಳಿ ನಾತ, ಅಂಚಿಗೆ ಹತ್ತಿದ ಬಿಳಿ ಹುಳು. ಮನೆಯವರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ, ಡಬ್ಬ ತಾರಸಿಯ ಮೂಲೆ ಸೇರುತ್ತದೆ, ಹಸಿ ಕಸ ಮತ್ತೆ ಟಿಪ್ಪರ್ ಆಟೊಗೆ. ಕೇಳೋಣವೆಂದರೆ ಆ ಹೊತ್ತಿಗೆ ಶಾಮಿಯಾನ ಬಿಚ್ಚಿ ಹೋಗಿರುತ್ತದೆ.

ಆದ್ದರಿಂದ ಮೊದಲ ದಿನವೇ ಮೇಜಿನ ಮೇಲೆ ಮೂರು ಡಬ್ಬ ಇರಲಿ: ಹದವಾಗಿರುವುದು ಒಂದು, ನೀರು ಹೆಚ್ಚಾದದ್ದು ಒಂದು, ಒಣಗಿಹೋದದ್ದು ಒಂದು. ಕೆಟ್ಟ ಡಬ್ಬ ತಯಾರಿಸುವುದು ಸುಲಭ. ಹದಿನೈದು ದಿನ ಮುಂಚೆ ಸಾರು ಕಲಸಿದ ಅನ್ನ, ಕಲ್ಲಂಗಡಿ ಸಿಪ್ಪೆ ತುಂಬಿ, ಒಣ ಎಲೆ ಹಾಕದೆ ಮುಚ್ಚಿಟ್ಟರೆ ಸಾಕು. ಬಂದವರು ಕೈಗವಸು ಹಾಕಿಕೊಂಡು ಮೂರರಿಂದಲೂ ಒಂದೊಂದು ಹಿಡಿ ತೆಗೆದು ಹಿಂಡಿ ನೋಡಲಿ. ಹದವಾದದ್ದು ಉಂಡೆ ಕಟ್ಟುತ್ತದೆ, ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಕಾಣುತ್ತದೆ. ನೀರು ಧಾರೆಯಾಗಿ ಇಳಿದರೆ ಒಳಗೆ ಗಾಳಿಯಿಲ್ಲ ಎಂದರ್ಥ. ಗಾಳಿ ಇಲ್ಲದಲ್ಲಿ ಕೊಳೆಯಿಸುವ ಸೂಕ್ಷ್ಮಜೀವಿಗಳೇ ಬೇರೆ, ನಾತ ಬರುವುದು ಅವುಗಳಿಂದ. ಕಸದ ಗುಡ್ಡದೊಳಗೆ ನಡೆಯುವುದೂ ಇದೇ ಕೆಲಸ, ಅಲ್ಲಿ ಹುಟ್ಟುವುದು ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲ. ನಗರದ ಕಸ ಸುರಿಸಿಕೊಂಡ ಮಾವಳ್ಳಿಪುರ, ಮಂಡೂರಿನ ಜನ ಕಸದ ಲಾರಿಗಳ ವಿರುದ್ಧ ಯಾಕೆ ಬೀದಿಗಿಳಿದರು ಎಂದು ವಿವರಿಸುವುದಕ್ಕೆ ಆ ಒಂದು ಹಿಡಿ ಸಾಕು, ಭಾಷಣ ಬೇಕಿಲ್ಲ.

ಪರಿಹಾರವನ್ನೂ ಅಲ್ಲೇ ಮಾಡಿ ತೋರಿಸಬೇಕು. ಒದ್ದೆಯಾದದ್ದನ್ನು ಹಳೆಯ ಪೇಪರಿನ ಮೇಲೆ ಸುರಿದು, ಅಷ್ಟೇ ಗಾತ್ರದ ಒಣ ಎಲೆ ಅಥವಾ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ, ಮುದ್ದೆಗಳನ್ನು ಒಡೆದು ಮತ್ತೆ ತುಂಬುವುದು. ಮುಚ್ಚಳದ ಬದಲು ಎರಡು ದಿನ ಬಟ್ಟೆ ಕಟ್ಟಿಟ್ಟರೆ ವಾಸನೆ ಹೋಗುತ್ತದೆ. ದಪ್ಪ, ಚಪ್ಪಟೆ ಹುಳುಗಳು ಹೆಚ್ಚಾಗಿ ಕಪ್ಪು ಸೈನಿಕ ನೊಣದ ಮರಿಗಳು. ಕಸವನ್ನು ಅವೂ ತಿಂದು ಮುಗಿಸುತ್ತವೆ, ಅಪಾಯವಿಲ್ಲ. ಕಣ್ಣಿಗೆ ಹಿತವಲ್ಲ ಅಷ್ಟೆ. ತೇವ ಕಡಿಮೆಯಾದರೆ ತಾವಾಗಿ ಕಡಿಮೆಯಾಗುತ್ತವೆ. ಒಣಗಿದ ಡಬ್ಬದ ಗುರುತು ಇರುವೆ. ಅದಕ್ಕೆ ಹುಳಿ ಮಜ್ಜಿಗೆಯನ್ನು ನೀರಾಗಿಸಿ ಚಿಮುಕಿಸಿ ಕೈಯಾಡಿಸಬೇಕು.

ಲೆಕ್ಕವನ್ನೂ ಬಾಯಲ್ಲಿ ಹೇಳದೆ ಚೀಟಿಯಲ್ಲಿ ಬರೆದು ಕೊಡಿ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಮುಕ್ಕಾಲರಿಂದ ಒಂದು ಕಿಲೊ ಹಸಿ ಕಸ. ಒಂದು ಬಟ್ಟಲು ಕಸಕ್ಕೆ ಒಂದು ಬಟ್ಟಲು ಒಣ ಎಲೆ, ತೂಕದಲ್ಲಲ್ಲ, ಗಾತ್ರದಲ್ಲಿ. ಸುತ್ತಲೂ ನಾಲ್ಕು ಬೆರಳಿಗೊಂದರಂತೆ ತೂತು ಕೊರೆದು ಒಳಗಿನಿಂದ ಸೊಳ್ಳೆ ಪರದೆ ಅಂಟಿಸಿದ ಬಕೆಟ್ ಕನಿಷ್ಠ ಎರಡು ಬೇಕೇಬೇಕು. ಒಂದು ತುಂಬುತ್ತಿರುವಾಗ ಇನ್ನೊಂದು ಮಾಗುತ್ತದೆ, ತುಂಬಿದ ಮೇಲೆ 45ರಿಂದ 60 ದಿನ. ಒಂದೇ ಡಬ್ಬ ಮಾರಿ ಕಳಿಸುವ ಮಳಿಗೆಗಳು ಅರ್ಧ ಪಾಠವನ್ನಷ್ಟೇ ಮಾರುತ್ತಿವೆ.

ಇನ್ನು ಎಲೆ. ಮಳೆಗಾಲದಲ್ಲಿ ಕಾರ್ಯಕ್ರಮ ಮಾಡಿ ‘ಒಣ ಎಲೆ ಹಾಕಿ’ ಎಂದರೆ ಜನ ಎಲ್ಲಿಂದ ತರಬೇಕು? ರಸ್ತೆ ಬದಿಯ ಮರಗಳು ಎಲೆ ಉದುರಿಸುವ ಫೆಬ್ರುವರಿ, ಮಾರ್ಚ್‌ನಲ್ಲೇ ಪಾರ್ಕಿನ ಎಲೆಯನ್ನು ಗೋಣಿಚೀಲಕ್ಕೆ ತುಂಬಿಡಬೇಕು. ಈಗ ಎಷ್ಟೋ ಕಡೆ ಅದಕ್ಕೆ ಬೆಂಕಿ ಬೀಳುತ್ತದೆ. ಮಳೆಮರದ ಸಣ್ಣ ಎಲೆ ಹಾಗೇ ಹಾಕಬಹುದು, ಮಾವು, ಹಲಸಿನದನ್ನು ಪುಡಿ ಮಾಡದಿದ್ದರೆ ತಿಂಗಳಾನುಗಟ್ಟಲೆ ಹಾಗೇ ಉಳಿಯುತ್ತದೆ. ಡಬ್ಬದ ಜೊತೆ ಒಂದು ಚೀಲ ಎಲೆ ಕೊಟ್ಟು ಕಳಿಸಿದರೆ ಆ ಮನೆಯ ಗೊಬ್ಬರ ಅರ್ಧ ಗೆದ್ದಂತೆ.

ಮಳೆ ನೀರಿನ ಮಳಿಗೆಗೂ ಇದೇ ಮಾತು. ಒಂದು ಚದರ ಮೀಟರ್ ತಾರಸಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಸಾವಿರ ಚದರಡಿ ತಾರಸಿ ಎಂದರೆ ಸುಮಾರು 93 ಚದರ ಮೀಟರ್, ಐದರಲ್ಲಿ ಒಂದು ಪಾಲು ಪೋಲಾಯಿತೆಂದೇ ಹಿಡಿಯಿರಿ, 200 ಲೀಟರಿನ ನೀಲಿ ಡ್ರಮ್ಮು ಮೂರು ಮಿ.ಮೀ. ಮಳೆಗೇ ತುಂಬಿ ಹರಿಯುತ್ತದೆ. ಡ್ರಮ್ಮಿನಿಂದ ಮುಂದೆ ನೀರು ಸಂಪಿಗೋ ಇಂಗುಗುಂಡಿಗೋ ಹೋಗುವ ಪೈಪ್ ತೋರಿಸದೆ ಡ್ರಮ್ ಮಾತ್ರ ತೋರಿಸುವುದು ಆಟಿಕೆ. ಸಸಿ ಹಂಚುವವರಿಗೆ ಕೇಳುವುದು ಒಂದೇ: ಎರಡು ಬೇಸಿಗೆ ನೀರು ಹಾಕುವವರು ಯಾರು?

ಕಾರ್ಯಕ್ರಮದ ಕಸವೂ ಪಾಠವೇ. ಪೇಪರ್ ಕಪ್ಪಿನ ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಅದು ಗೊಬ್ಬರವಾಗದು. ‘ಕರಗುತ್ತದೆ’ ಎಂದು ಮುದ್ರಿಸಿದ ಹಲವು ಲೋಟಗಳಿಗೆ ಸುಮಾರು 60 ಡಿಗ್ರಿ ಶಾಖ ಬೇಕು, ಮನೆಯ ಡಬ್ಬ ಅಷ್ಟು ಕಾಯುವುದಿಲ್ಲ. ಇನ್ನೂರು ಜನರ ಕಾಫಿಗೆ ತೊಳೆದು ತೊಳೆದು ಕೊಟ್ಟರೆ 80 ಸ್ಟೀಲ್ ಲೋಟ, ಮೂರು ಟಬ್ಬು, ಇಬ್ಬರು ಕೆಲಸದವರು ಸಾಕು. ಆ ಇಬ್ಬರಿಗೆ ಸರಿಯಾದ ಕೂಲಿ ಕೊಡಿ, ಬ್ಯಾನರಿನ ದುಡ್ಡಲ್ಲೇ ಆಗುತ್ತದೆ. ಕಸದ ಬುಟ್ಟಿಗಳ ಪಕ್ಕ ಒಬ್ಬರು ನಿಂತಿರಲೇಬೇಕು. ಯಾರೂ ಇಲ್ಲದ ಬುಟ್ಟಿಗೆ ಮೊದಲು ಯಾರೋ ಒಬ್ಬರು ತಪ್ಪು ಹಾಕುತ್ತಾರೆ, ಹಿಂದೆ ಬಂದವರು ಅದನ್ನೇ ನೋಡಿ ಹಾಕುತ್ತಾರೆ.

ಎರಡನೆಯ ಭಾನುವಾರಕ್ಕೆ ಶಾಮಿಯಾನ, ಮೈಕು, ಅತಿಥಿಗಳು ಬೇಡ. ಒಂದು ಮೇಜು, ಎರಡು ಮೂಟೆ ಒಣ ಎಲೆ, ಒಂದು ಬಕೆಟ್ ಮಜ್ಜಿಗೆ ನೀರು, ತಿಳಿದವರು ಇಬ್ಬರು. ಬರುವವರು ತಮ್ಮ ಡಬ್ಬದಿಂದ ಒಂದು ಹಿಡಿ ತರಲಿ. ನಿಮ್ಮ ಪತ್ರಿಕೆಯ ಕಾರ್ಯಕ್ರಮ ಪಟ್ಟಿಯಲ್ಲಿ ಇಂಥ ಶಿಬಿರಗಳ ಮೊದಲ ದಿನಾಂಕದ ಜೊತೆಗೇ ಎರಡನೆಯದನ್ನೂ ಅಚ್ಚು ಹಾಕಿದರೆ, ಸಂಘಟಕರಿಗೆ ಅದನ್ನು ಮರೆಯುವುದು ಸ್ವಲ್ಪ ಕಷ್ಟವಾದೀತು.

– ಬಡಾವಣೆಯ ಗೊಬ್ಬರ ಸ್ವಯಂಸೇವಕರು, ಜಯನಗರ, ಬೆಂಗಳೂರು