ಕಡಲು, ಕಾನೂನು, ಸಾಹಿತ್ಯ ಒಂದೇ ತರಗತಿಗೆ ಬರಲಿ

ಮಾನ್ಯ ಸಂಪಾದಕರೇ,

ಪದವಿ ಮುಗಿಸಿದ ವಿದ್ಯಾರ್ಥಿಗಳು ಮುಂದೇನು ಓದಬೇಕೆಂದು ವಿಚಾರಿಸುವ ಕಾಲವಿದು. ಅವರಲ್ಲಿ ಅಂತಾರಾಷ್ಟ್ರೀಯ ಸಂಬಂಧ, ಪರಿಸರ ಕಾನೂನು, ಸಾಹಿತ್ಯ ಈ ಮೂರರಲ್ಲೂ ಒಲವುಳ್ಳವರನ್ನು ನಾನು ಪ್ರತಿ ವರ್ಷವೂ ಕಾಣುತ್ತೇನೆ. ಮೂರರಲ್ಲಿ ಒಂದನ್ನು ಹಿಡಿದು ಉಳಿದೆರಡನ್ನು ಬಿಡುವಂತೆ ಅವರಿಗೆ ಹೇಳಬೇಕಾಗಿ ಬರುವುದು ನನಗೆ ಸರಿ ಕಾಣುವುದಿಲ್ಲ. ಈ ಮೂರನ್ನೂ ಒಟ್ಟಿಗೆ ಕಲಿಸುವ ಸ್ನಾತಕೋತ್ತರ ವ್ಯಾಸಂಗವೊಂದನ್ನು ಮಂಗಳೂರು ವಿಶ್ವವಿದ್ಯಾನಿಲಯವು ಕರಾವಳಿಯ ಕಾನೂನು ಕಾಲೇಜುಗಳ ಸಹಯೋಗದಲ್ಲಿ ಆರಂಭಿಸಬೇಕೆಂಬ ಕೋರಿಕೆಯನ್ನು ನಿಮ್ಮ ಪತ್ರಿಕೆಯ ಮೂಲಕ ಮುಂದಿಡುತ್ತಿದ್ದೇನೆ.

ಇದರ ಅಗತ್ಯ ನಮ್ಮ ಕಡಲ ತಡಿಯಲ್ಲೇ ಇದೆ. 2022ರ ಜೂನ್‌ನಲ್ಲಿ ಚೀನಾದಿಂದ ಲೆಬನಾನ್‌ಗೆ ಉಕ್ಕು ಹೊತ್ತು ಹೋಗುತ್ತಿದ್ದ 'ಪ್ರಿನ್ಸೆಸ್ ಮಿರಾಲ್' ಎಂಬ ಹಡಗು ಉಳ್ಳಾಲದ ಸಮೀಪ ಅಪಾಯಕ್ಕೆ ಸಿಲುಕಿ ಮುಳುಗಿತು. ಅದರಲ್ಲಿದ್ದ 15 ಮಂದಿ ಸಿರಿಯಾ ದೇಶದ ನಾವಿಕರನ್ನು ಕೋಸ್ಟ್ ಗಾರ್ಡ್ ಸಿಬ್ಬಂದಿ ರಕ್ಷಿಸಿದರು. ನಾವಿಕರು ಒಂದು ದೇಶದವರು, ಸರಕು ಇನ್ನೊಂದು ದೇಶದ್ದು, ಅದು ತಲುಪಬೇಕಾದದ್ದು ಮತ್ತೊಂದು ದೇಶಕ್ಕೆ, ಮುಳುಗಿದ್ದು ಮಾತ್ರ ನಮ್ಮ ಮೀನುಗಾರರು ಬಲೆ ಬೀಸುವ ನೀರಿನಲ್ಲಿ. ಇಂಥ ಹಡಗಿನಿಂದ ತೈಲ ಸೋರಿದರೆ, ಅದರ ಅವಶೇಷಕ್ಕೆ ಸಿಕ್ಕಿ ಬಲೆ ಹರಿದರೆ ಪರಿಹಾರ ಕೇಳುವುದು ಯಾರಲ್ಲಿ? ಉತ್ತರ ಹೇಳಬೇಕಾದವರಿಗೆ 1982ರ ಸಮುದ್ರ ಕಾನೂನು ಒಪ್ಪಂದ ಗೊತ್ತಿರಬೇಕು, ಮುಳುಗಿದ ಹಡಗನ್ನು ತೆರವುಗೊಳಿಸುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸುವ 2007ರ ನೈರೋಬಿ ಒಪ್ಪಂದ ಗೊತ್ತಿರಬೇಕು, ಹಡಗುಗಳಿಗೆ ಸಂಬಂಧಿಸಿದ ದಾವೆಗಳನ್ನು ನಡೆಸುವ ಅಧಿಕಾರವನ್ನು 2017ರ ಕಾಯ್ದೆಯು ಕರ್ನಾಟಕ ಹೈಕೋರ್ಟಿಗೂ ಕೊಟ್ಟಿದೆ ಎಂಬುದೂ ಗೊತ್ತಿರಬೇಕು. ನವಮಂಗಳೂರು ಬಂದರು ಇರುವ ಜಿಲ್ಲೆಯಲ್ಲಿ ಇಷ್ಟನ್ನು ಬಲ್ಲ ಯುವಕ ಯುವತಿಯರು ಪ್ರತಿ ವರ್ಷ ತಯಾರಾಗಬೇಕೆಂದು ಬಯಸುವುದು ದೊಡ್ಡ ಬೇಡಿಕೆಯೇನೂ ಅಲ್ಲ.

ಪರಿಸರ ಕಾನೂನನ್ನು ಅಂತಾರಾಷ್ಟ್ರೀಯ ಸಂಬಂಧಗಳಿಂದ ಬಿಡಿಸಿ ಓದಲು ಬರುವುದಿಲ್ಲ. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನದ ನಿರ್ಣಯಗಳನ್ನು ಜಾರಿಗೆ ತರಲು ಈ ಕಾಯ್ದೆ ಎಂದು 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಪೀಠಿಕೆಯೇ ಹೇಳುತ್ತದೆ. ಅಂತಾರಾಷ್ಟ್ರೀಯ ಒಪ್ಪಂದಗಳನ್ನು ಜಾರಿಗೊಳಿಸಲು ಸಂಸತ್ತಿಗೆ ಅಧಿಕಾರ ಕೊಡುವುದು ಸಂವಿಧಾನದ 253ನೇ ವಿಧಿ. ನಮ್ಮ ಮೀನುಗಾರರ ಮನೆಗಳ ಮೇಲೆ, ಕಡಲ ತಡಿಯ ರೆಸಾರ್ಟುಗಳ ಮೇಲೆ ಇಂದು ಅನ್ವಯವಾಗುವ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯನ್ನು ಹೊರಡಿಸುವುದೂ ಇದೇ 1986ರ ಕಾಯ್ದೆಯಡಿ.

ಸಾಹಿತ್ಯಕ್ಕೆ ಇಲ್ಲೇನು ಕೆಲಸ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ತುಸು ನಿಂತು ಉತ್ತರಿಸಬೇಕೆಂದು ನನಗೆ ಅನ್ನಿಸುತ್ತದೆ. 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯಂತೆ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು, ಜನ ಎತ್ತಿದ ಆಕ್ಷೇಪಗಳು ದಾಖಲಾಗಬೇಕು. ನಮ್ಮಲ್ಲಿ ಜನ ತುಳು, ಬ್ಯಾರಿ, ಕೊಂಕಣಿ, ಕುಂದಗನ್ನಡಗಳಲ್ಲಿ ಮಾತನಾಡುತ್ತಾರೆ. ಅಳಿವೆಯಲ್ಲಿ ಮರುವಾಯಿ (ಕಪ್ಪೆಚಿಪ್ಪು) ಹೆಕ್ಕಿ ಸಂಸಾರ ನಡೆಸುವ ಹೆಂಗಸೊಬ್ಬಳು ನೀರು ಯಾವ ಇಳಿತದಲ್ಲಿ ಎಷ್ಟು ತಗ್ಗುತ್ತದೆ, ಮರಳು ಎಲ್ಲಿ ಕೂರುತ್ತದೆ, ಯಾವ ವರ್ಷದಿಂದ ಚಿಪ್ಪು ಸಣ್ಣದಾಗುತ್ತ ಬಂತು ಎಂದು ವಿವರವಾಗಿ ಹೇಳಿದರೂ ಅದು ಕಡತಕ್ಕೆ ಬರುವಾಗ 'ಸ್ಥಳೀಯರು ಜೀವನೋಪಾಯದ ಕುರಿತು ಆತಂಕ ವ್ಯಕ್ತಪಡಿಸಿದರು' ಎಂಬ ಒಂದು ಸಾಲಾಗಿಬಿಟ್ಟರೆ, ನ್ಯಾಯಪೀಠದ ಮುಂದೆ ಸಾಕ್ಷ್ಯವಾಗಬಹುದಾಗಿದ್ದ ಅನುಭವ ಅಲ್ಲಿಯೇ ಕಳೆದುಹೋಗುತ್ತದೆ. ಮಾತನ್ನು ಗಮನವಿಟ್ಟು ಕೇಳಿ, ಅದರ ವಿವರ ಕೆಡದಂತೆ ಬರೆದಿಡುವ ಅಭ್ಯಾಸವನ್ನು ಕಲಿಸುವುದು ಸಾಹಿತ್ಯದ ತರಗತಿಯೇ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿದ್ದನ್ನು ಕಂಡ ಈ ಕರಾವಳಿಗೆ, ಸಾಹಿತಿಗೂ ಪರಿಸರಕ್ಕೂ ಇರುವ ನಂಟನ್ನು ಹೊಸದಾಗಿ ಹೇಳಬೇಕಿಲ್ಲ.

ಅಡ್ಡಿ ಇರುವುದು ವ್ಯವಸ್ಥೆಯಲ್ಲಿ. ಮಂಗಳೂರು, ಉಡುಪಿಯ ಕಾನೂನು ಕಾಲೇಜುಗಳು 2009ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಧೀನದಲ್ಲಿವೆ. ರಾಜ್ಯಶಾಸ್ತ್ರ, ಕನ್ನಡ, ಇಂಗ್ಲಿಷ್ ವಿಭಾಗಗಳು ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿವೆ. ಹೀಗಾಗಿ ಎಂ.ಎ. ಓದುವವರಿಗೆ ಕಾನೂನಿನ ಪತ್ರಿಕೆ ಸಿಗುವುದು ಕಷ್ಟ, ಎಲ್‌ಎಲ್‌ಎಂ ಓದುವವರಿಗೆ ಸಾಹಿತ್ಯದ ಪಾಠ ಸಿಗುವುದು ಅದಕ್ಕಿಂತ ಕಷ್ಟ. ಖಾಸಗಿ ವಿಶ್ವವಿದ್ಯಾಲಯಗಳ ಶುಲ್ಕವನ್ನು ಮೀನುಗಾರರ, ಬೀಡಿ ಕಟ್ಟುವವರ ಮನೆಯ ಮಕ್ಕಳು ಭರಿಸಲಾರರು.

ಹೊಸ ವಿಭಾಗವನ್ನೋ ಹೊಸ ಕಟ್ಟಡವನ್ನೋ ನಾನು ಕೇಳುತ್ತಿಲ್ಲ. ವಿಶ್ವವಿದ್ಯಾನಿಲಯದ ಹಣಕಾಸಿನ ಸ್ಥಿತಿ ಎಲ್ಲರಿಗೂ ತಿಳಿದದ್ದೇ. ಎರಡು ವಿಶ್ವವಿದ್ಯಾಲಯಗಳು ಒಂದು ಒಡಂಬಡಿಕೆ ಮಾಡಿಕೊಂಡರೆ, ಈಗಿರುವ ಅಧ್ಯಾಪಕರಿಂದಲೇ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ನಡೆಸಬಹುದು. ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿನಲ್ಲಿ ಸಂಜೆಯ ತರಗತಿಗಳಾದರೆ ಕೆಲಸದಲ್ಲಿರುವವರೂ, ಕಿರಿಯ ವಕೀಲರೂ ಬರಬಹುದು. ಏಕಕಾಲದಲ್ಲಿ ಎರಡು ಪದವಿ ವ್ಯಾಸಂಗ ಮಾಡಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲೇ ಅವಕಾಶ ಕೊಟ್ಟಿರುವಾಗ ನಿಯಮದ ತೊಡಕನ್ನು ಮುಂದೊಡ್ಡುವುದು ತರವಲ್ಲ. ಕನ್ನಡದಲ್ಲಿ ಉತ್ತರ ಬರೆಯುವ ಅವಕಾಶ ಮಾತ್ರ ಇರಲೇಬೇಕು. ಅದಿಲ್ಲದಿದ್ದರೆ ಯಾರಿಗಾಗಿ ಈ ವ್ಯಾಸಂಗವನ್ನು ಕೇಳುತ್ತಿದ್ದೇನೋ ಅವರೇ ಹೊರಗುಳಿಯುತ್ತಾರೆ.

ಮಾನ್ಯ ಕುಲಪತಿಗಳು ಇದನ್ನು ಶೈಕ್ಷಣಿಕ ಮಂಡಳಿಯ ಮುಂದಿನ ಸಭೆಯಲ್ಲಿ ಇಡಬೇಕು, ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಶಾಸಕರು ಉನ್ನತ ಶಿಕ್ಷಣ ಸಚಿವರ ಗಮನಕ್ಕೆ ತರಬೇಕು ಎಂದು ವಿನಂತಿಸುತ್ತೇನೆ. ಪಠ್ಯಕ್ರಮ ಸಿದ್ಧಪಡಿಸುವ ಕೆಲಸದಲ್ಲಿ ನೆರವಾಗಲು ನನ್ನಂಥ ಅನೇಕ ಅಧ್ಯಾಪಕರು ಸಿದ್ಧರಿದ್ದೇವೆ.

ಇಂತಿ,
ಪದವಿ ಕಾಲೇಜಿನ ಅಧ್ಯಾಪಕಿ, ಉಡುಪಿ