ಕುಡಿತ ಬಿಡಿಸಲು ಆಣೆ ಸಾಲದು

ಕುಡಿತದ ಚಟ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ ಎಂಬ ಮಾತು ನಮ್ಮ ಹಾವೇರಿ ಕಡೆಯ ಹಳ್ಳಿಗಳಿಗೆ ಇನ್ನೂ ಸರಿಯಾಗಿ ಮುಟ್ಟಿಲ್ಲ.

ನಮ್ಮ ಓಣಿಯ ಒಬ್ಬರು ದೇವರ ಮುಂದೆ ಆಣೆ ಮಾಡಿ ಒಮ್ಮೆಲೇ ಬಿಟ್ಟರು. ಮರುದಿನ ಚಹಾದ ಕಪ್ಪು ಹಿಡಿಯಲಾಗದಷ್ಟು ಕೈ ನಡುಗಿತು, ರಾತ್ರಿ ಫಿಟ್ಸ್ ಬಂತು. ಮನೆಯವರು ದೆವ್ವ ಬಡಿದಿದೆ ಎಂದುಕೊಂಡರು. ವರ್ಷಗಟ್ಟಲೆ ಜಾಸ್ತಿ ಕುಡಿದವರು ಹಠಾತ್ತನೆ ಬಿಟ್ಟರೆ ಹೀಗಾಗಬಹುದು, ಜೀವಕ್ಕೂ ಅಪಾಯ. ವೈದ್ಯರ ನಿಗಾದಲ್ಲೇ ಬಿಡಬೇಕು. ಸುಮ್ನೆ ಬೈದರೆ ಏನು ಬಂತು?

ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಇದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಜಿಲ್ಲಾಡಳಿತ ಪ್ರತಿ ಮದ್ಯದಂಗಡಿಯ ಬಾಗಿಲಲ್ಲಿ, ಬಸ್ ನಿಲ್ದಾಣದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಲಿ.

– ಒಬ್ಬ ಓದುಗ, ಹಾವೇರಿ