ನಿಷೇಧದ ಸುದ್ದಿ ಬರೆಯುತ್ತೀರಿ, ಮದ್ದು ಕೊಟ್ಟವರ ಸುದ್ದಿ ಎಲ್ಲಿ?

ಸಂಪಾದಕರಿಗೆ,

ಮಾನ್ಯರೇ,

ಕ್ರೀಡಾ ಪುಟದ ಮೂಲೆಯಲ್ಲಿ ಆಗಾಗ ನಾಲ್ಕು ಸಾಲಿನ ಸುದ್ದಿಯೊಂದು ಬರುತ್ತದೆ. ಇಂಥ ಓಟಗಾರ್ತಿ ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು, ಇಷ್ಟು ವರ್ಷ ನಿಷೇಧ. ಕ್ರೀಡಾಪಟುವಿನ ಹೆಸರು ಇರುತ್ತದೆ, ಕೆಲವೊಮ್ಮೆ ಮದ್ದಿನ ಹೆಸರೂ ಇರುತ್ತದೆ. ಆ ಮದ್ದು ಮೈಗೆ ಏನು ಮಾಡುತ್ತದೆ ಅಂತ ಇರುವುದಿಲ್ಲ. ಅದನ್ನು ಕೊಟ್ಟವರು ಯಾರು ಅಂತಲಂತೂ ಇರುವುದೇ ಇಲ್ಲ. ನಾನು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ಈ ಎರಡು ವಿಷಯ ಬಿಟ್ಟ ಸುದ್ದಿಯಿಂದ ಓಡುವ ಮಕ್ಕಳಿಗೂ ಅವರ ಅಪ್ಪ ಅಮ್ಮನಿಗೂ ಏನೂ ಸಿಗುವುದಿಲ್ಲ ಎನ್ನುವುದು ನನ್ನ ದೂರು.

ಇದು ಎಲ್ಲೋ ದೂರದ ಸಮಸ್ಯೆ ಅಲ್ಲ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, 2023ರ ಲೆಕ್ಕ ಪ್ರಕಟಿಸಿತಲ್ಲ. ಐದು ಸಾವಿರಕ್ಕಿಂತ ಜಾಸ್ತಿ ಮಾದರಿ ಪರೀಕ್ಷಿಸಿದ ದೇಶಗಳ ಪೈಕಿ, ಸಿಕ್ಕಿಬಿದ್ದವರ ಪ್ರಮಾಣ ಭಾರತದಲ್ಲೇ ಹೆಚ್ಚು, ಶೇ 3.8. ಅದೇ ವರ್ಷ ಸೆಪ್ಟೆಂಬರಿನಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ನಡೆದದ್ದನ್ನು ಓದುಗರು ಮರೆತಿರಲಿಕ್ಕಿಲ್ಲ. ರಾಜ್ಯ ಮಟ್ಟದ ಕೂಟ. ಮದ್ದು ಪರೀಕ್ಷೆಯವರು ಬಂದಿದ್ದಾರೆ ಎಂದು ಗೊತ್ತಾಗಿದ್ದೇ ತಡ, ಗಂಡಸರ ನೂರು ಮೀಟರ್ ಫೈನಲ್‌ಗೆ ಓಡಲು ನಿಂತದ್ದು ಒಬ್ಬನೇ. ಉಳಿದವರು ನಾಪತ್ತೆ. ಒಬ್ಬ ಹುಡುಗಿ ಸ್ಟೀಪಲ್‌ಚೇಸ್ ಎಂಬ ಅಡೆತಡೆ ಓಟ ಮುಗಿಸಿ, ಗೆರೆ ದಾಟಿದ ಮೇಲೂ ನಿಲ್ಲದೆ ಓಡುತ್ತಲೇ ಹೋದಳು, ಅಧಿಕಾರಿ ಹಿಂದೆ ಬಿದ್ದರು. ಶೌಚಾಲಯದಲ್ಲಿ ಸಿರಿಂಜುಗಳು ಬಿದ್ದಿದ್ದವು. ಎಲ್ಲರೂ ನಕ್ಕರು, ವಿಡಿಯೊ ಹಂಚಿಕೊಂಡರು. ನನಗೆ ನಗು ಬರಲಿಲ್ಲ. ಆ ಸಿರಿಂಜುಗಳನ್ನು ಮಕ್ಕಳು ತಾವೇ ಹುಡುಕಿಕೊಂಡು ತಂದರಾ? ಯಾರೂ ಕೇಳಲಿಲ್ಲ.

ಮೊದಲು ಮೈಯ ವಿಷಯ, ಅದರಲ್ಲೂ ಸ್ಟೀರಾಯ್ಡ್ ಎಂಬ ಮದ್ದಿನ ವಿಷಯ ಹೇಳುತ್ತೇನೆ. ಸ್ಟೀರಾಯ್ಡ್ ಎಂದರೆ ಉಬ್ಬಸಕ್ಕೆ, ಚರ್ಮದ ಕಾಯಿಲೆಗೆ, ಕೋವಿಡ್ ಕಾಲದಲ್ಲಿ ಆಸ್ಪತ್ರೆಗಳಲ್ಲಿ ಕೊಟ್ಟ ಔಷಧಿ ಎಂದು ಜನ ತಿಳಿಯುತ್ತಾರೆ. ಅದು ಬೇರೆ ಜಾತಿ. ಇದು ಅನಬಾಲಿಕ್ ಸ್ಟೀರಾಯ್ಡ್. ಗಂಡಸಿನ ಹಾರ್ಮೋನ್ ಟೆಸ್ಟೊಸ್ಟಿರಾನ್, ಇಲ್ಲವೇ ಅದರಂತೆಯೇ ಕೆಲಸ ಮಾಡಲು ಪ್ರಯೋಗಾಲಯದಲ್ಲಿ ತಯಾರಿಸಿದ್ದು. ಸ್ಟಾನೊಜೊಲಾಲ್, ನ್ಯಾಂಡ್ರೊಲೋನ್, ಮೆಥಾಂಡಿಯನೋನ್ ಇವೆಲ್ಲ ಆ ಗುಂಪಿನವು. ಹರೆಯ ತಡವಾದ ಹುಡುಗರಿಗೆ, ಕಾಯಿಲೆಯಿಂದ ಸ್ನಾಯು ಕರಗಿದವರಿಗೆ ವೈದ್ಯರು ಅಳತೆ ನೋಡಿ ಕೊಡುವುದುಂಟು. ಜಿಮ್ಮಿನಲ್ಲಿ, ಮೈದಾನದಲ್ಲಿ ತೆಗೆದುಕೊಳ್ಳುವವರು ಅದರ ಹತ್ತು ಪಟ್ಟು, ಕೆಲವರು ನೂರು ಪಟ್ಟು ಏರಿಸುತ್ತಾರೆ.

ಕೆಲಸ ಮಾಡುವುದಿಲ್ಲ ಎಂದು ಸುಳ್ಳು ಹೇಳಬಾರದು. ಮಾಡುತ್ತದೆ. ಸ್ನಾಯು ಬೇಗ ಬೆಳೆಯುತ್ತದೆ, ದಣಿವು ಬೇಗ ಹೋಗುತ್ತದೆ, ಇನ್ನೂ ಹೆಚ್ಚು ಅಭ್ಯಾಸ ಮಾಡಬಹುದು. ಅದಕ್ಕೇ ಮಕ್ಕಳು ಬೀಳುವುದು. ನಾವು ಮೇಷ್ಟ್ರುಗಳು "ಅದರಿಂದ ಏನೂ ಪ್ರಯೋಜನ ಇಲ್ಲ" ಎಂದು ಭಾಷಣ ಮಾಡಿದರೆ, ಪಕ್ಕದ ಲೇನಿನ ಹುಡುಗ ಎರಡೇ ತಿಂಗಳಲ್ಲಿ ಮುಂದೆ ಹೋದದ್ದನ್ನು ಕಣ್ಣಾರೆ ಕಂಡವರು ನಮ್ಮ ಮಾತು ಯಾಕೆ ಕೇಳುತ್ತಾರೆ?

ಹೇಳಬೇಕಾದದ್ದು ಬೇರೆ. ಹೊರಗಿನಿಂದ ಹಾರ್ಮೋನ್ ಬಂತು ಎಂದು ಮಿದುಳಿಗೆ ಗೊತ್ತಾದ ಕೂಡಲೇ ಅದು ವೃಷಣಗಳಿಗೆ ಕೆಲಸ ನಿಲ್ಲಿಸಿ ಎನ್ನುತ್ತದೆ. ಅವು ಕುಗ್ಗುತ್ತವೆ, ವೀರ್ಯಾಣು ಇಳಿಯುತ್ತದೆ. ಮದ್ದು ಬಿಟ್ಟ ಮೇಲೆ ದೇಹ ಮತ್ತೆ ತನ್ನ ಹಾರ್ಮೋನ್ ತಯಾರಿಸಲು ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷ ದಾಟುತ್ತದೆ. ಆ ಮಧ್ಯದ ಅವಧಿಯಲ್ಲಿ ಮಂಕು, ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ. ಆ ಖಿನ್ನತೆ ತಾಳಲಾರದೆ ಮತ್ತೆ ಅದೇ ಮದ್ದಿಗೆ ಕೈ ಹಾಕುವವರು ಬಹಳ. ಮದ್ದಿನ ಒಂದು ಪಾಲು ಮೈಯೊಳಗೆ ಹೆಣ್ಣು ಹಾರ್ಮೋನಾಗಿ ಬದಲಾಗುವುದರಿಂದ ಹುಡುಗರಿಗೆ ಎದೆ ಬೆಳೆಯುವುದೂ ಉಂಟು. ಆಮೇಲೆ ಅದನ್ನು ಶಸ್ತ್ರಚಿಕಿತ್ಸೆ ಮಾಡಿಯೇ ತೆಗೆಸಬೇಕಾಗಬಹುದು. ನಾಚಿಕೆಯಿಂದ ಯಾರೂ ಮನೆಯಲ್ಲಿ ಹೇಳುವುದಿಲ್ಲ.

ಹುಡುಗಿಯರ ಕಥೆ ಇನ್ನೂ ಕಷ್ಟ. ಮುಟ್ಟು ನಿಲ್ಲುತ್ತದೆ, ಮುಖದಲ್ಲಿ ಕೂದಲು ಬರುತ್ತದೆ, ದನಿ ಒಡೆಯುತ್ತದೆ. ಮದ್ದು ಬಿಟ್ಟರೆ ಮುಟ್ಟು ವಾಪಸ್ ಬರಬಹುದು. ಒಡೆದ ದನಿ ಮೊದಲಿನಂತಾಗುವುದಿಲ್ಲ. ಇನ್ನು ಹದಿನಾಲ್ಕು ಹದಿನೈದರ ಮಕ್ಕಳಲ್ಲಿ ಎಲುಬಿನ ತುದಿಯ ಬೆಳವಣಿಗೆಯ ಪದರ ಬೇಗನೆ ಗಟ್ಟಿಯಾಗಿಬಿಡುತ್ತದೆ. ಅಲ್ಲಿಗೆ ಎತ್ತರ ನಿಂತಿತು. ಸ್ನಾಯು ಬೆಳೆಯುವ ವೇಗಕ್ಕೆ, ಅದನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಬೆಳೆಯುವುದಿಲ್ಲವಾದ್ದರಿಂದ, ಒಳ್ಳೆ ಕಟ್ಟುಮಸ್ತಾದ ಹುಡುಗ ಭಾರ ಎತ್ತುವಾಗ ಫಟ್ ಎಂದು ಹರಿದುಕೊಂಡು ಕೂರುತ್ತಾನೆ.

ಕಣ್ಣಿಗೆ ಕಾಣದ್ದು ಹೃದಯದ ಹಾನಿ. ಒಳ್ಳೆ ಕೊಲೆಸ್ಟ್ರಾಲ್ ಇಳಿಯುತ್ತದೆ, ಕೆಟ್ಟದ್ದು ಏರುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ಮೂವತ್ತರ ಆಸುಪಾಸಿನಲ್ಲೇ ಹೃದಯಾಘಾತ ಆಗುವ ಅಪಾಯ ಇಲ್ಲಿಂದ ಹುಟ್ಟುತ್ತದೆ. ಗುಳಿಗೆ ರೂಪದ ಸ್ಟೀರಾಯ್ಡ್‌ಗಳಲ್ಲಿ ಹೆಚ್ಚಿನವು ಲಿವರಿಗೂ ಪೆಟ್ಟು ಕೊಡುತ್ತವೆ. ಒಂದೇ ಸೂಜಿಯನ್ನು ಇಬ್ಬರು ಮೂವರು ಹಂಚಿಕೊಂಡರೆ ಹೆಪಟೈಟಿಸ್, ಎಚ್‌ಐವಿ ಭಯ ಬೇರೆ. ಬಾಟಲಿಯ ಮೇಲೆ ಬರೆದದ್ದೇ ಒಳಗೆ ಇದೆ ಎನ್ನುವ ಖಾತ್ರಿಯೂ ಇಲ್ಲ.

ಈಗ ಕೊಟ್ಟವರ ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯವರೇ ಆದ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲಿ ಚಿನ್ನ ಗೆದ್ದರು. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ, ಎರಡರಲ್ಲೂ ಚಿನ್ನ. ಕುಂದಾಪುರ ತಾಲ್ಲೂಕಿನ ಹಳ್ಳಿ ಹುಡುಗಿ ಅಂತ ಊರೆಲ್ಲ ಕುಣಿದಿತ್ತು. ಮರುವರ್ಷ ಪಟಿಯಾಲದ ತರಬೇತಿ ಶಿಬಿರದಲ್ಲಿ ತೆಗೆದ ಮಾದರಿಯಲ್ಲಿ ಮೆಥಾಂಡಿಯನೋನ್ ಸಿಕ್ಕಿತು. ಅದೇ ಶಿಬಿರದ ಇನ್ನೂ ಕೆಲವರು ಸಿಕ್ಕಿಬಿದ್ದರು. ಕೋಚ್ ತಂದುಕೊಟ್ಟ ಜಿನ್ಸೆಂಗ್ ಎಂಬ ಗಿಡಮೂಲಿಕೆ ತೆಗೆದುಕೊಂಡೆವು, ಅದರೊಳಗೆ ಏನಿದೆ ಅಂತ ನಮಗೆ ಗೊತ್ತಿರಲಿಲ್ಲ ಎಂದು ಓಟಗಾರ್ತಿಯರು ಹೇಳಿದರು. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್ ಅವರನ್ನು ಸರ್ಕಾರ ತೆಗೆದುಹಾಕಿತು. ಅವರೂ ತನಗೆ ಗೊತ್ತಿರಲಿಲ್ಲ ಎಂದರು. ನಮ್ಮ ದೇಶದ ಶಿಸ್ತು ಸಮಿತಿ ಹುಡುಗಿಯರಿಗೆ ಒಂದು ವರ್ಷದ ನಿಷೇಧ ಹಾಕಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ನಿಯಮ ಹಾಗೇ ಇದೆ. ನಿನ್ನ ಮೈಯಲ್ಲಿ ಸಿಕ್ಕಿದ್ದಕ್ಕೆ ನೀನೇ ಹೊಣೆ, ಹೇಗೆ ಬಂತು ಎನ್ನುವುದು ಆಮೇಲಿನ ಮಾತು. ನಿಯಮ ತಪ್ಪು ಎಂದು ನಾನು ಹೇಳುವುದಿಲ್ಲ. ಇಲ್ಲದಿದ್ದರೆ ಎಲ್ಲರೂ "ಗೊತ್ತಿರಲಿಲ್ಲ" ಎಂದುಬಿಡುತ್ತಾರೆ. ಆದರೆ ಶಿಬಿರದಲ್ಲಿ ಊಟ, ನಿದ್ದೆ, ಗುಳಿಗೆ, ಪೌಡರ್ ಎಲ್ಲವನ್ನೂ ಕೋಚ್ ನಿರ್ಧರಿಸುವಾಗ, ಹಳ್ಳಿಯಿಂದ ಹೋದ ಹುಡುಗಿ "ಇದರಲ್ಲಿ ಏನಿದೆ ಸರ್?" ಎಂದು ಕೇಳುವುದು ಅಷ್ಟು ಸುಲಭವಾ? ಕೇಳಿದರೆ ತಂಡದಲ್ಲಿ ಜಾಗ ಉಳಿಯುತ್ತದಾ?

ಪೂರ್ವ ಜರ್ಮನಿಯಲ್ಲಿ ಸರ್ಕಾರವೇ ಇದನ್ನು ಮಾಡಿತ್ತು. ಓರಲ್ ಟುರಿನಬಾಲ್ ಎಂಬ ಗುಳಿಗೆಯನ್ನು ಮಕ್ಕಳಿಗೆ ವಿಟಮಿನ್ ಎಂದು ಹೇಳಿ ನುಂಗಿಸುತ್ತಿದ್ದರು. ಗುಂಡು ಎಸೆತದಲ್ಲಿ 1986ರ ಯುರೋಪ್ ಚಾಂಪಿಯನ್ ಆದ ಹೈಡಿ ಕ್ರೀಗರ್ ಹದಿಹರೆಯದಿಂದಲೇ ಅದನ್ನು ತಿಂದವರು. ಈಗ ಅವರು ಗಂಡಸಾಗಿ ಬದುಕುತ್ತಿರುವ ಆಂಡ್ರಿಯಾಸ್ ಕ್ರೀಗರ್. ತಾನು ಯಾರಾಗಬೇಕು ಎಂದು ತಾನೇ ನಿರ್ಧರಿಸುವ ಅವಕಾಶವನ್ನು ಆ ಗುಳಿಗೆಗಳು ಕಿತ್ತುಕೊಂಡವು ಎನ್ನುವುದು ಅವರ ನೋವು. ಅವರೂ ಅವರಂಥವರೂ ಕೋರ್ಟಿಗೆ ಬಂದು ಸಾಕ್ಷಿ ಹೇಳಿದರು. 2000ರಲ್ಲಿ ಬರ್ಲಿನ್ ನ್ಯಾಯಾಲಯ ಅಂದಿನ ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್ ಮತ್ತು ವೈದ್ಯ ಮಾನ್‌ಫ್ರೆಡ್ ಹೊಪ್ನರ್ ಇಬ್ಬರನ್ನೂ ಅಪರಾಧಿಗಳು ಎಂದಿತು. ಜೈಲಿಗೆ ಹೋಗಲಿಲ್ಲ ಬಿಡಿ, ಶಿಕ್ಷೆ ಅಮಾನತಿನಲ್ಲಿತ್ತು. ಆದರೂ ಕೊಟ್ಟವರ ಹೆಸರು ದಾಖಲೆಯಲ್ಲಿ ಉಳಿಯಿತು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ಓಟಗಾರ ಬೆನ್ ಜಾನ್ಸನ್ ಸ್ಟಾನೊಜೊಲಾಲ್‌ನಿಂದ ಚಿನ್ನ ಕಳೆದುಕೊಂಡದ್ದು ನಮಗೆಲ್ಲ ಗೊತ್ತು. ಆಮೇಲೆ ಕೆನಡಾ ನ್ಯಾಯಮೂರ್ತಿ ಡುಬಿನ್ ಅವರ ಆಯೋಗ ಕೂರಿಸಿ, ಕೋಚನ್ನೂ ವೈದ್ಯರನ್ನೂ ಬಹಿರಂಗವಾಗಿ ವಿಚಾರಿಸಿತು. ಕೋಚ್ ಎಲ್ಲವನ್ನೂ ಒಪ್ಪಿಕೊಂಡರು. ನಮ್ಮ ಪತ್ರಿಕೆಗಳಲ್ಲಿ ಜಾನ್ಸನ್ ಓಟದ ಕಥೆ ಎಷ್ಟು ಸಲ ಬಂದಿದೆಯೋ, ಈ ಭಾಗ ಅಷ್ಟು ಬಂದಿಲ್ಲ.

ನಮ್ಮಲ್ಲಿ 2022ರ ಉದ್ದೀಪನ ಮದ್ದು ತಡೆ ಕಾಯ್ದೆ ಇದೆ. ಮದ್ದು ಪೂರೈಸಿದವರಿಗೆ, ಕ್ರೀಡಾಪಟುವಿಗೆ ಚುಚ್ಚಿದವರಿಗೆ ಕನಿಷ್ಠ ನಾಲ್ಕು ವರ್ಷದಿಂದ ಹಿಡಿದು ಆಜೀವ ನಿಷೇಧದವರೆಗೆ ವಾಡಾ ನಿಯಮವೂ ಹೇಳುತ್ತದೆ. ಆದರೆ ಈ ನಿಷೇಧ ಕ್ರೀಡೆಯ ಒಳಗಿನವರಿಗೆ. ಪೇಟೆಯ ಔಷಧ ಅಂಗಡಿಯವನಿಗೆ, "ಒಂದು ಕೋರ್ಸ್ ಹಾಕು, ಎಲ್ಲ ಸರಿಯಾಗುತ್ತೆ" ಎನ್ನುವ ಜಿಮ್ ಅಣ್ಣನಿಗೆ ಅದರಿಂದ ಏನಾಗಬೇಕು? ವೈದ್ಯರ ಚೀಟಿ ಇಲ್ಲದೆ ಇವನ್ನು ಮಾರುವಂತಿಲ್ಲ ಎನ್ನುವ ಕಾನೂನು ಮೊದಲಿನಿಂದ ಇದೆ. ಅದನ್ನು ನೋಡಿಕೊಳ್ಳಬೇಕಾದದ್ದು ಔಷಧ ನಿಯಂತ್ರಣ ಇಲಾಖೆ. ಕ್ರೀಡಾ ಇಲಾಖೆ ಅತ್ತ ತೋರಿಸುತ್ತದೆ, ಅವರು ಇತ್ತ ತೋರಿಸುತ್ತಾರೆ.

ಮನೆಯವರ ಪಾಲೂ ಇದೆ, ಮುಚ್ಚಿಡುವುದು ಬೇಡ. ಒಂದು ಪದಕ ಬಂದರೆ ಕ್ರೀಡಾ ಕೋಟಾದಲ್ಲಿ ಸೀಟು, ರೈಲ್ವೆಯಲ್ಲೋ ಪೊಲೀಸಿನಲ್ಲೋ ಕೆಲಸ. ಬಡ ಮನೆಗೆ ಅದು ಸಣ್ಣ ಮಾತಲ್ಲ. ಮಗ ಎರಡು ತಿಂಗಳಲ್ಲಿ ಎಂಟು ಹತ್ತು ಕೆಜಿ ಏರಿದರೆ, ಬೆನ್ನ ತುಂಬ ಮೊಡವೆ ಎದ್ದರೆ, ಸಣ್ಣದಕ್ಕೂ ಸಿಡುಕಿದರೆ, ಅಪ್ಪ "ವ್ಯಾಯಾಮದ ಉಷ್ಣ" ಎಂದು ಸುಮ್ಮನಾಗುತ್ತಾನೆ. ಹಾಗೆ ನನ್ನ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡ ಅಪ್ಪಂದಿರೂ ಇದ್ದರು. ಈ ಲಕ್ಷಣಗಳನ್ನು ನಿಮ್ಮ ಪತ್ರಿಕೆ ಒಮ್ಮೆ ದೊಡ್ಡ ಅಕ್ಷರದಲ್ಲಿ ಹಾಕಿದರೆ ಎಷ್ಟೋ ಮನೆಗಳಲ್ಲಿ ಪ್ರಶ್ನೆ ಏಳುತ್ತದೆ. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ನಾಡಾ, "ನೋ ಯುವರ್ ಮೆಡಿಸಿನ್" ಎಂಬ ಆ್ಯಪ್ ಮಾಡಿದೆ. ಔಷಧಿಯ ಹೆಸರು ಹಾಕಿದರೆ ನಿಷೇಧಿತವೋ ಅಲ್ಲವೋ ತಿಳಿಯುತ್ತದೆ. ಇದು ಎಷ್ಟು ಮಂದಿ ದೈಹಿಕ ಶಿಕ್ಷಕರಿಗೆ ಗೊತ್ತು? ಆದರೆ ಡಬ್ಬದ ಪೌಡರಿಗೆ ಅದನ್ನು ನಂಬಿ ಕೂರಬಾರದು. ಚೀಟಿಯ ಮೇಲೆ ಬರೆಯದ್ದನ್ನು ಒಳಗೆ ಬೆರೆಸಿದರೆ ಯಾವ ಆ್ಯಪೂ ಹೇಳುವುದಿಲ್ಲ.

ಹಾಗಾಗಿ ಸಂಪಾದಕರೇ, ನನ್ನದು ಸಣ್ಣ ಕೋರಿಕೆ. ಮುಂದಿನ ಸಲ ಯಾರಾದರೂ ಸಿಕ್ಕಿಬಿದ್ದ ಸುದ್ದಿ ಬಂದಾಗ, ಆ ಮದ್ದು ಏನು ಮಾಡುತ್ತದೆ ಎಂದು ಎರಡು ಸಾಲು ಸೇರಿಸಿ. ಕೋಚ್ ಯಾರು, ಅವರನ್ನು ಯಾರಾದರೂ ವಿಚಾರಿಸಿದರಾ ಎಂದು ವರದಿಗಾರರಿಂದ ಕೇಳಿಸಿ. ಮತ್ತೆ ದಸರಾ ಕ್ರೀಡಾಕೂಟಕ್ಕೆ ವರದಿಗಾರರು ಹೋದಾಗ ಪದಕ ಪಟ್ಟಿಯ ಜೊತೆಗೆ, ಎಷ್ಟು ಮಂದಿಯ ಮೂತ್ರದ ಮಾದರಿ ತೆಗೆದರು ಎಂದೂ ವಿಚಾರಿಸಲಿ. ಸೊನ್ನೆ ಎಂದು ಉತ್ತರ ಬಂದರೆ ಅದನ್ನೂ ಅಚ್ಚು ಹಾಕಿ.

ಇಂತಿ,
ನಿವೃತ್ತ ದೈಹಿಕ ಶಿಕ್ಷಕ,
ಉಡುಪಿ ಜಿಲ್ಲೆ